ಫೋನ್, ಲ್ಯಾಪ್‌ಟಾಪ್, ಐಪ್ಯಾಡ್ ಮೂರಕ್ಕೂ ಒಂದೇ ಬ್ರೌಸರ್ ಬೇಕು, ಆದರೆ ಅದು ನನ್ನ ಬೆನ್ನು ಹತ್ತಬಾರದು. ಯಾವುದು?

ಮೂರುಪರದೆ
ಎಲ್ಲರಿಗೂ ನಮಸ್ಕಾರ. ಹತ್ತು ವರ್ಷದಿಂದ ಒಂದೇ ಬ್ರೌಸರ್‌ಗೆ ಅಂಟಿಕೊಂಡಿದ್ದೇನೆ. ಹೆಸರು ಬೇಡ. ಈಗ ಬಿಡಬೇಕು ಅಂತ ಗಟ್ಟಿ ಮನಸ್ಸು ಮಾಡಿದ್ದೇನೆ.

ಕಾರಣ ಕೇಳಿದರೆ ನಗುತ್ತೀರಿ. ಎರಡು ತಿಂಗಳಿಂದ ಎಲ್ಲಿ ಹೋದರೂ ಮಂಡಿಗೆ ಕಟ್ಟುವ ಪಟ್ಟಿಯ ಜಾಹೀರಾತು. ಸುದ್ದಿ ಓದಿದರೆ ಮಂಡಿ ಪಟ್ಟಿ, ಹವಾಮಾನ ನೋಡಿದರೆ ಮಂಡಿ ಪಟ್ಟಿ. ನನ್ನ ಮಂಡಿ ಗಟ್ಟಿಮುಟ್ಟಾಗಿದೆ. ಆ ಪದವನ್ನು ನಾನು ಯಾವತ್ತೂ ಟೈಪ್ ಮಾಡಿಯೇ ಇಲ್ಲ. ಫೋನ್ ನಮ್ಮ ಮಾತು ಕದ್ದು ಕೇಳುತ್ತದೆ ಅಂತಾರಲ್ಲ, ಈಗ ನನಗೂ ಅದೇ ಅನುಮಾನ.

ಬುಕ್‌ಮಾರ್ಕ್ (ಮೂರು ಸಾವಿರದ ಮೇಲಿವೆ), ತೆರೆದಿಟ್ಟ ಟ್ಯಾಬ್, ಪಾಸ್‌ವರ್ಡ್, ಇವು ಎಲ್ಲಾ ಕಡೆ ಸಿಗಬೇಕು. ಆದರೆ ಹೊತ್ತೊಯ್ಯುವ ಕಂಪನಿ ಅವನ್ನು ಓದಬಾರದು. ಸಿಂಕ್ ಬೇಕು ಅಂದ ಮೇಲೆ ನಮ್ಮದೆಲ್ಲ ಇನ್ನೊಬ್ಬರ ಸರ್ವರ್‌ಗೆ ಹೋಗಲೇಬೇಕಲ್ಲ, ಹಾಗಿದ್ದರೆ ಇದು ಆಗುವ ಮಾತಾ?

ಕುಕೀಡಬ್ಬಿ
ಫೈರ್‌ಫಾಕ್ಸ್. ಮುಗೀತು. ಮುಂದಿನ ಪ್ರಶ್ನೆ?

ಸಿಂಹದಮರಿ
ಬ್ರೇವ್. ಮೇಲಿನವರು 2010ರಲ್ಲೇ ನಿಂತಿದ್ದಾರೆ.

ಕುಕೀಡಬ್ಬಿ
ಶುರುವಾಯ್ತು ನೋಡಿ.

ನಿಧಾನಸ್ಥ
ಹೆಸರು ಕೂಗುವ ಮೊದಲು ಎರಡು ವಿಷಯ ಕೇಳೋಣ. ಒಂದು, ಲ್ಯಾಪ್‌ಟಾಪ್ ವಿಂಡೋಸಾ, ಲಿನಕ್ಸಾ? ಫೋನ್ ಯಾವುದು? ಎರಡು, ಈಗಿನ ಬ್ರೌಸರ್‌ನಲ್ಲಿ ನಿಮ್ಮ ಖಾತೆಗೆ ಇನ್ಯಾರಾದರೂ ಲಾಗಿನ್ ಆಗಿದ್ದಾರಾ? ಮಂಡಿ ಪಟ್ಟಿಯ ಕತೆ ಓದಿದರೆ ನನಗೆ ಮೈಕ್‌ಗಿಂತ ಅದರ ಮೇಲೇ ಅನುಮಾನ ಜಾಸ್ತಿ. ಒಂದ್ಸಲ ಹಿಸ್ಟರಿ ತೆಗೆದು ಕೆಳಗಿನವರೆಗೆ ನೋಡಿ.

ಮೂರುಪರದೆ
ವಿಂಡೋಸ್ ಲ್ಯಾಪ್‌ಟಾಪ್, ಆಂಡ್ರಾಯ್ಡ್ ಫೋನ್, ಐಪ್ಯಾಡ್. ನನ್ನ ಖಾತೆ ನಾನೊಬ್ಬನೇ ಬಳಸುವುದು, ಅದರಲ್ಲಿ ಅನುಮಾನವೇ ಇಲ್ಲ. ಇದು ಮೈಕ್‌ನದೇ ಕೆಲಸ.

ಕೀಲಿಕೈ
ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಸರ್ವರ್‌ಗೆ ಹೋಗುವುದು ಬೇರೆ, ಸರ್ವರ್‌ನವರು ಓದುವುದು ಬೇರೆ. ಪೆಟ್ಟಿಗೆಯನ್ನು ಪಕ್ಕದ ಮನೆಯಲ್ಲಿ ಇಟ್ಟರೂ ಬೀಗದ ಕೈ ನಿಮ್ಮ ಜೇಬಿನಲ್ಲಿದ್ದರೆ ಅವರಿಗೆ ಸಿಗುವುದು ಪೆಟ್ಟಿಗೆಯ ತೂಕ ಮಾತ್ರ. ಹಾಗಾಗಿ ಯಾವ ಬ್ರೌಸರ್ ಅನ್ನುವುದಕ್ಕಿಂತ ಮೊದಲು ಕೇಳಬೇಕಾದ್ದು, ಕೀಲಿ ಯಾರ ಹತ್ತಿರ ಇದೆ ಅಂತ.

ಫೈರ್‌ಫಾಕ್ಸ್‌ನಲ್ಲಿ ಡೇಟಾ ನಿಮ್ಮ ಸಾಧನದಲ್ಲೇ ಗೂಢಲಿಪಿಯಾಗಿ, ಆಮೇಲೆ ಹೊರಗೆ ಹೋಗುತ್ತದೆ. ಕೀಲಿ ಹುಟ್ಟುವುದು ನಿಮ್ಮ ಖಾತೆಯ ಪಾಸ್‌ವರ್ಡ್‌ನಿಂದ. ಆ ಪಾಸ್‌ವರ್ಡ್ ಫೈರ್‌ಫಾಕ್ಸ್ ಮಾಡುವ ಮೊಝಿಲ್ಲಾದವರಿಗೂ ಗೊತ್ತಿರುವುದಿಲ್ಲ.

ಬ್ರೇವ್‌ನಲ್ಲಿ ಖಾತೆಯೇ ಇಲ್ಲ. ಇಮೇಲ್ ಕೂಡ ಕೇಳುವುದಿಲ್ಲ. ಒಂದು ಕ್ಯೂಆರ್ ಕೋಡ್, ಇಲ್ಲವೇ 24 ಪದಗಳ ಸಾಲು. ಅದರ ಮೇಲೆ ಕಾಲಕ್ಕೆ ತಕ್ಕಂತೆ ಬದಲಾಗುವ ಇನ್ನೊಂದು ಪದ. ಅದನ್ನು ಎರಡನೇ ಸಾಧನಕ್ಕೆ ಕೊಟ್ಟರೆ ಎರಡೂ ಒಂದೇ ಸರಪಳಿಗೆ ಸೇರುತ್ತವೆ.

ವಿವಾಲ್ಡಿಯಲ್ಲಿ ಲಾಗಿನ್‌ಗೆ ಒಂದು ಪಾಸ್‌ವರ್ಡ್, ಗೂಢಲಿಪಿಗೆ ಬೇರೆಯದೇ ಒಂದು. ಸರ್ವರ್ ಐಸ್‌ಲ್ಯಾಂಡ್‌ನಲ್ಲಿದೆ.

ಕ್ರೋಮ್‌ನಲ್ಲೂ ಸಿಂಕ್‌ಗೆ ನಿಮ್ಮದೇ ಪಾಸ್‌ಫ್ರೇಸ್ ಹಾಕಬಹುದು. ಹಾಕಿದರೆ ಸಿಂಕ್ ಆದದ್ದನ್ನು ಗೂಗಲ್ ಓದಲಾಗದು. ಆದರೆ ಅದು ತಾನಾಗಿ ಆನ್ ಆಗಿರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಹುಡುಕಿ ಹಾಕಬೇಕು. ಹಾಕಿದವರನ್ನು ನಾನಂತೂ ಇನ್ನೂ ನೋಡಿಲ್ಲ.

ಸುಮ್ನೆಓದೋಳು
ನಾನು ಹಾಕಿದ್ದೇನೆ. ಈಗ ನೋಡಿದಿರಿ.

ಕೀಲಿಕೈ
ಕಂಡು ಸಂತೋಷವಾಯ್ತು ಮೇಡಂ :)

ಹಳೇಚಾರ್ಜರ್
ಕೀಲಿಕೈ ಹೇಳಿದ್ದು ಸರಿ. ಆದರೆ ಅದರ ಇನ್ನೊಂದು ಮುಖ ನಾನು ಅನುಭವಿಸಿದ್ದೇನೆ, ಹೇಳಿಬಿಡುತ್ತೇನೆ.

ಕೀಲಿ ನಿಮ್ಮ ಹತ್ತಿರ ಮಾತ್ರ ಇದೆ ಅಂದರೆ, ಕಳೆದುಕೊಳ್ಳುವವರೂ ನೀವೇ. ಇಂಥದ್ದೇ ಗೂಢಲಿಪಿ ಇರುವ ಒಂದು ಬ್ರೌಸರ್. ತಪ್ಪು ಪೂರ್ತಿ ನನ್ನದು. ಫೋನ್ ಒಡೆದುಹೋಗಿ ಹೊಸದು ತಂದೆ. ಪಾಸ್‌ವರ್ಡ್ ನೆನಪಾಗಲಿಲ್ಲ. "ಮರೆತಿದ್ದೀರಾ?" ಒತ್ತಿದೆ, ಇಮೇಲ್ ಬಂತು, ಹೊಸ ಪಾಸ್‌ವರ್ಡ್ ಇಟ್ಟೆ, ಲಾಗಿನ್ ಆಯ್ತು. ಎಷ್ಟು ಸಲೀಸು ಅಂದುಕೊಂಡೆ. ಬುಕ್‌ಮಾರ್ಕ್ ತೆಗೆದರೆ ಸೊನ್ನೆ. ಪಾಸ್‌ವರ್ಡ್ ಸೊನ್ನೆ. ಹಳೇ ಕೀಲಿಯಿಂದ ಮುಚ್ಚಿದ್ದನ್ನು ಹೊಸ ಕೀಲಿಯಿಂದ ತೆರೆಯಲಾಗದು, ಅಷ್ಟೇ ಲೆಕ್ಕ. ನಡುವೆ ಎಚ್ಚರಿಕೆಯೂ ಬಂದಿತ್ತು. ನಾನು ಓದದೆ "ಮುಂದೆ" ಒತ್ತಿದ್ದೆ.

ಕಡೆಗೆ ಬೀರುವಿನಲ್ಲಿ ಬಿದ್ದಿದ್ದ ಹಳೇ ಲ್ಯಾಪ್‌ಟಾಪ್ ನೆನಪಾಯ್ತು. ಬ್ಯಾಟರಿ ಸತ್ತಿತ್ತು. ಚಾರ್ಜರ್‌ನ ಪಿನ್ ಸಡಿಲ, ಒಂದು ಕೈಯಲ್ಲಿ ವೈರ್ ಅದುಮಿ ಹಿಡಿದರೆ ಮಾತ್ರ ಆನ್ ಆಗುತ್ತಿತ್ತು. ಇನ್ನೊಂದು ಕೈಯಲ್ಲಿ ಬ್ರೌಸರ್ ತೆರೆದು ಬುಕ್‌ಮಾರ್ಕ್‌ಗಳನ್ನು ಫೈಲ್ ಮಾಡಿ ಪೆನ್ ಡ್ರೈವ್‌ಗೆ ಹಾಕಿದೆ. ಹತ್ತು ನಿಮಿಷ ಕೈ ಅಲ್ಲಾಡಿಸಿಲ್ಲ ಕಣ್ರೀ. ನನ್ನ ಹೆಸರು ಇಲ್ಲಿ ಯಾಕೆ ಹೀಗಿದೆ ಅಂತ ಈಗ ಗೊತ್ತಾಯ್ತಲ್ಲ.

ಕೀಲಿಕೈ
@ಹಳೇಚಾರ್ಜರ್ ಇದಕ್ಕೇ ಫೈರ್‌ಫಾಕ್ಸ್ ಖಾತೆಯಲ್ಲಿ ರಿಕವರಿ ಕೀ ಅಂತ ಒಂದಿದೆ. ಮುಂಚೆಯೇ ಮಾಡಿಟ್ಟುಕೊಂಡರೆ ಪಾಸ್‌ವರ್ಡ್ ಮರೆತರೂ ಡೇಟಾ ಉಳಿಯುತ್ತದೆ. ಮಾಡುವುದು ಎರಡು ನಿಮಿಷದ ಕೆಲಸ. ಮಾಡಿದ್ದನ್ನು ಕಾಗದದ ಮೇಲೆ ಬರೆದಿಡಿ. ಅದೇ ಬ್ರೌಸರ್‌ನ ಒಳಗೆ ಉಳಿಸಿಡಬೇಡಿ, ದಯವಿಟ್ಟು. ಹಾಗೆ ಮಾಡಿದವರೂ ಇದ್ದಾರೆ.

ನೂರುಟ್ಯಾಬ್
ಸಿಂಕ್ ಬ್ಯಾಕಪ್ ಅಲ್ಲ ಅನ್ನುವುದನ್ನೂ ಸೇರಿಸಿ. ಒಂದು ಕಡೆ ಫೋಲ್ಡರ್ ಅಳಿಸಿದರೆ ಸ್ವಲ್ಪ ಹೊತ್ತಿಗೆ ಎಲ್ಲಾ ಕಡೆ ಮಾಯ. ಅಳಿಸಿದ್ದೂ ಸಿಂಕ್ ಆಗುತ್ತದೆ! ಮೂರು ಸಾವಿರ ಬುಕ್‌ಮಾರ್ಕ್ ಇರುವವರು ಆಗಾಗ ಫೈಲ್ ಮಾಡಿ ಇಟ್ಟುಕೊಳ್ಳಿ.

ಸಿಂಹದಮರಿ
ಖಾತೆಯೇ ಬೇಡ, ಇಮೇಲ್ ಬೇಡ, ಜಾಹೀರಾತು ತಡೆ ಮೊದಲಿನಿಂದಲೇ ಒಳಗಿದೆ. ಹಾಕಿದ ಕ್ಷಣದಿಂದ ಕೆಲಸ. ಲ್ಯಾಪ್‌ಟಾಪ್‌ನಲ್ಲಿ ಕ್ರೋಮ್‌ನ ಎಕ್ಸ್‌ಟೆನ್ಷನ್‌ಗಳೂ (ಬ್ರೌಸರ್‌ಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂಗಳು) ನಡೆಯುತ್ತವೆ. ಮೂರುಪರದೆಯವರಿಗೆ ಇದಕ್ಕಿಂತ ಇನ್ನೇನು ಬೇಕು?

ವೆಬ್‌ಜೇಡ
ನಂಬಿಕೆ ಬೇಕು ಸ್ವಾಮಿ. 2020ರ ಜೂನ್‌ನಲ್ಲಿ ಏನಾಯ್ತು ನೆನಪಿದೆಯಾ? ಕ್ರಿಪ್ಟೋ ವಿನಿಮಯದ ತಾಣದ ವಿಳಾಸ ಟೈಪ್ ಮಾಡಿದರೆ ಬ್ರೇವ್ ಅದರ ಹಿಂದೆ ತನಗೆ ಕಮಿಷನ್ ತರುವ ರೆಫರಲ್ ಕೋಡ್ ಅಂಟಿಸುತ್ತಿತ್ತು. ಸಿಕ್ಕಿಬಿದ್ದ ಮೇಲೆ ಬ್ರೇವ್‌ನ ಮುಖ್ಯಸ್ಥ ಬ್ರೆಂಡನ್ ಐಕ್ ಕ್ಷಮೆ ಕೇಳಿ ತೆಗೆದರು. ಖಾಸಗಿತನದ ಹೆಸರಲ್ಲಿ ನಡೆಯುವ ಬ್ರೌಸರ್ ನಾನು ಟೈಪ್ ಮಾಡಿದ ವಿಳಾಸಕ್ಕೇ ಕೈ ಹಾಕಿದರೆ ಹೇಗೆ?

ಸಿಂಹದಮರಿ
ತಪ್ಪು, ಒಪ್ಪುತ್ತೇನೆ. ಸರಿಮಾಡಿ ಎಷ್ಟೋ ವರ್ಷವಾಯ್ತು. ಕ್ರಿಪ್ಟೋ ವಾಲೆಟ್, ಬಹುಮಾನದ ಟೋಕನ್, ಇವೆಲ್ಲ ನನಗೂ ಬೇಡದ ಸಾಮಾನೇ. ಅಡಗಿಸಿಟ್ಟರೆ ತಲೆನೋವಿಲ್ಲ. ನಿಮ್ಮ ಫೈರ್‌ಫಾಕ್ಸ್ ನರಿಯ ಮನೆಯಲ್ಲಿ ಎಲ್ಲಾ ಸರಿ ಇದೆಯಾ? 2025ರ ಫೆಬ್ರವರಿಯಲ್ಲಿ ಬಳಕೆಯ ಷರತ್ತು ಬದಲಾಯಿಸಿ, "ನಿಮ್ಮ ಡೇಟಾ ಎಂದೂ ಮಾರುವುದಿಲ್ಲ" ಅನ್ನುವ ಮಾತನ್ನೇ ತೆಗೆದುಹಾಕಿದರಲ್ಲ?

ಕುಕೀಡಬ್ಬಿ
ಜನ ಬೈದ ಮೇಲೆ ಕೆಲವೇ ದಿನದಲ್ಲಿ ಷರತ್ತಿನ ಭಾಷೆ ತಿದ್ದಿ ಬರೆದರು. "ಮಾರಾಟ" ಅನ್ನುವ ಪದಕ್ಕೆ ಕೆಲವು ಕಡೆಯ ಕಾನೂನಿನಲ್ಲಿ ತುಂಬಾ ಅಗಲವಾದ ಅರ್ಥ ಇದೆ, ಅದಕ್ಕೇ ತೆಗೆದದ್ದು ಅಂದರು.

ಸಿಂಹದಮರಿ
ವಕೀಲರ ಮಾತು.

ಕುಕೀಡಬ್ಬಿ
ಇರಬಹುದು. ನನಗೂ ಆವತ್ತು ಬೇಸರವಾಗಿತ್ತು, ಸುಳ್ಳು ಹೇಳುವುದಿಲ್ಲ. ಮೊಝಿಲ್ಲಾದ ಆದಾಯದಲ್ಲಿ ಬಹುಪಾಲು ಗೂಗಲ್‌ನ ಹುಡುಕಾಟದ ಒಪ್ಪಂದದಿಂದ ಬರುತ್ತದೆ ಅನ್ನುವುದೂ ನಿಜ. ಆದರೆ ಸಿಂಕ್‌ನ ಗೂಢಲಿಪಿ ಆಗಲೂ ಬದಲಾಗಲಿಲ್ಲ, ಕೋಡ್ ಬಯಲಲ್ಲೇ ಇದೆ. 2022ರಿಂದ ಪ್ರತಿ ತಾಣದ ಕುಕೀಗೂ (ತಾಣ ನಮ್ಮ ಬ್ರೌಸರ್‌ನಲ್ಲಿ ಬಿಟ್ಟುಹೋಗುವ ಗುರುತಿನ ಚೀಟಿ) ಬೇರೆ ಬೇರೆ ಡಬ್ಬಿ, ತಾನಾಗಿಯೇ. ಒಂದು ತಾಣದ ಕುಕೀ ಇನ್ನೊಂದರಲ್ಲಿ ಇಣುಕುವುದಿಲ್ಲ. ನನ್ನ ಹೆಸರು ಅಲ್ಲಿಂದಲೇ ಬಂದದ್ದು.

ನಿಧಾನಸ್ಥ
ಇಬ್ಬರ ಅಂಗಡಿಯಲ್ಲೂ ತೂತಿದೆ, ಮುಂದೆ ಹೋಗೋಣ. ಐಪ್ಯಾಡ್ ಬಗ್ಗೆ ಯಾರೂ ಮಾತಾಡಿಲ್ಲ. ಅದು ಇಲ್ಲಿ ದೊಡ್ಡ ತೊಡಕು.

ಐಪ್ಯಾಡ್, ಐಫೋನ್‌ನಲ್ಲಿ ನೀವು ಏನೇ ಹೆಸರಿನ ಬ್ರೌಸರ್ ಹಾಕಿದರೂ ಒಳಗೆ ಓಡುವುದು ಆಪಲ್‌ನ ವೆಬ್‌ಕಿಟ್ ಎಂಜಿನ್, ಅಂದರೆ ಪುಟವನ್ನು ಓದಿ ತೋರಿಸುವ ಭಾಗ. ಮೇಲಿನ ಅಂಗಿ ಮಾತ್ರ ಬೇರೆ. ಯುರೋಪ್ ಒಕ್ಕೂಟದಲ್ಲಿ 2024ರಲ್ಲಿ ಬೇರೆ ಎಂಜಿನ್‌ಗೆ ಬಾಗಿಲು ತೆರೆಯಬೇಕಾಯ್ತು, ಆದರೆ ನಮ್ಮ ಪ್ರಶ್ನೆಗೆ ಅದರಿಂದ ಏನೂ ಬದಲಾಗಿಲ್ಲ. ಹಾಗಾಗಿ ಐಪ್ಯಾಡ್‌ನ ಫೈರ್‌ಫಾಕ್ಸ್‌ನಲ್ಲಿ ಎಕ್ಸ್‌ಟೆನ್ಷನ್ ಇಲ್ಲ, ಜಾಹೀರಾತು ತಡೆಯುವ ಯುಬ್ಲಾಕ್ ಒರಿಜಿನ್ ಇಲ್ಲ. ಸಿಂಕ್ ಇದೆ, ಟ್ಯಾಬ್ ಕಳಿಸುವುದು ಇದೆ, ಹಿಂಬಾಲಿಸುವವರ ತಡೆ ಒಂದು ಮಟ್ಟಕ್ಕೆ ಇದೆ. ಬ್ರೇವ್, ವಿವಾಲ್ಡಿಗಳಲ್ಲಿ ಜಾಹೀರಾತು ತಡೆ ಅಲ್ಲೂ ಒಳಗೇ ಬರುತ್ತದೆ. ಐಪ್ಯಾಡ್‌ನಲ್ಲೇ ಜಾಸ್ತಿ ಹೊತ್ತು ಕಳೆಯುವವರು ಇದನ್ನು ಲೆಕ್ಕಕ್ಕೆ ತಗೊಳ್ಳಬೇಕು.

ಆಂಡ್ರಾಯ್ಡ್‌ನಲ್ಲಿ ಕತೆ ಉಲ್ಟಾ. ಅಲ್ಲಿ ಫೈರ್‌ಫಾಕ್ಸ್‌ಗೆ ಎಕ್ಸ್‌ಟೆನ್ಷನ್ ಸಿಗುತ್ತದೆ, 2023ರ ಡಿಸೆಂಬರ್‌ನಿಂದಂತೂ ನೂರಾರು.

ಸುಮ್ನೆಓದೋಳು
ಹಾಗಾದರೆ ಸಫಾರಿ?

ನಿಧಾನಸ್ಥ
ಎಲ್ಲವೂ ಆಪಲ್‌ನದೇ ಆಗಿದ್ದರೆ ಒಳ್ಳೇ ಆಯ್ಕೆ. ವಿಂಡೋಸ್, ಆಂಡ್ರಾಯ್ಡ್ ಎರಡರಲ್ಲೂ ಸಫಾರಿ ಇಲ್ಲವಲ್ಲ. ಇನ್ನೊಂದು ಸಣ್ಣ ವಿಷಯ: ಐಕ್ಲೌಡ್‌ನಲ್ಲಿ ಹಿಸ್ಟರಿ, ಪಾಸ್‌ವರ್ಡ್ ತಾವಾಗಿಯೇ ಪೂರ್ತಿ ಗೂಢಲಿಪಿಯಲ್ಲಿರುತ್ತವೆ. ಬುಕ್‌ಮಾರ್ಕ್ ಹಾಗಾಗಬೇಕಾದರೆ ಅಡ್ವಾನ್ಸ್ಡ್ ಡೇಟಾ ಪ್ರೊಟೆಕ್ಷನ್ ಆನ್ ಮಾಡಬೇಕು.

ಪೆಂಗ್ವಿನ್‌ಪ್ರಿಯ
ಲಿಬ್ರೆವುಲ್ಫ್ ಹಾಕಿ. ಇಲ್ಲಾ ಮುಲ್ವಾಡ್ ಬ್ರೌಸರ್. ಉಳಿದದ್ದೆಲ್ಲ ಆಟಿಕೆ.

ಕೀಲಿಕೈ
ಕೇಳಿದ್ದು ಸಿಂಕ್ ಆಗುವ ಬ್ರೌಸರ್ ಮಾರಾಯ. ಮುಲ್ವಾಡ್‌ನಲ್ಲಿ ಸಿಂಕ್ ಇಲ್ಲ, ಬೇಕಂತಲೇ ಇಟ್ಟಿಲ್ಲ. ಟಾರ್ ಬ್ರೌಸರ್‌ನದೂ ಅದೇ ದಾರಿ. ಎಲ್ಲರೂ ಒಂದೇ ಥರ ಕಾಣಬೇಕು, ಯಾವುದೂ ನೆನಪಿರಬಾರದು ಅನ್ನುವುದೇ ಅವುಗಳ ಗುಟ್ಟು. ಲಿಬ್ರೆವುಲ್ಫ್‌ನಲ್ಲಿ ಸಿಂಕ್ ಆಫ್ ಆಗಿ ಬರುತ್ತದೆ, ಆನ್ ಮಾಡಬಹುದು. ಆದರೆ ಫೋನ್‌ಗೆ ಅದು ಇಲ್ಲವೇ ಇಲ್ಲ.

ಪೆಂಗ್ವಿನ್‌ಪ್ರಿಯ
ಫೋನ್‌ನಲ್ಲಿ ಯಾಕೆ ಬ್ರೌಸ್ ಮಾಡಬೇಕು?

ಕುಕೀಡಬ್ಬಿ
😂 ಇವರನ್ನ ಯಾರಾದರೂ ಹೊರಗೆ ಕರೆದುಕೊಂಡು ಹೋಗಿ.

ನಿಶ್ಚಿಂತ
ಒಂದು ಮಾತು ಕೇಳಬಹುದಾ? ಮುಚ್ಚಿಡುವಂಥದ್ದು ನಮ್ಮ ಹತ್ತಿರ ಏನಿದೆ ಅಂತ ಇಷ್ಟು ಒದ್ದಾಟ? ಸುಮ್ನೆ ಇರುವುದನ್ನೇ ಬಳಸಿ. ಅಷ್ಟು ಭಯ ಇದ್ದರೆ ಇನ್‌ಕಾಗ್ನಿಟೊ ಇದೆಯಲ್ಲ.

ವೆಬ್‌ಜೇಡ
ಇನ್‌ಕಾಗ್ನಿಟೊ ಮುಚ್ಚಿಡುವುದು ಅದೇ ಕಂಪ್ಯೂಟರ್ ಬಳಸುವ ಮನೆಯವರಿಂದ. ತಾಣದವರಿಂದ ಅಲ್ಲ, ನೆಟ್ ಕೊಡುವವರಿಂದ ಅಲ್ಲ, ಆಫೀಸಿನವರಿಂದಲೂ ಅಲ್ಲ. ಇದರ ಮೇಲೆಯೇ 2020ರಲ್ಲಿ ಗೂಗಲ್ ವಿರುದ್ಧ ಅಮೆರಿಕದಲ್ಲಿ ದಾವೆ ಬಿತ್ತು. 2024ರಲ್ಲಿ ರಾಜಿ. ಕೋಟಿಗಟ್ಟಲೆ ದಾಖಲೆ ಅಳಿಸಲು ಅವರು ಒಪ್ಪಿದರು. ಏನೂ ಕೂಡಿಡದಿದ್ದರೆ ಅಳಿಸುವುದಕ್ಕೆ ಏನಿರುತ್ತಿತ್ತು ಹೇಳಿ.

ಸುಮ್ನೆಓದೋಳು
@ನಿಶ್ಚಿಂತ ಮುಚ್ಚಿಡುವುದು ಬೇರೆ, ಬಯಲಿಗಿಡದೆ ಇರುವುದು ಬೇರೆ. ನನ್ನದೇ ಪುರಾಣ ಕೇಳಿ.

ಹಿಂದೆ ಒಂದು ಕಡೆ ಕೆಲಸ ಮಾಡುತ್ತಿದ್ದೆ. ಆಫೀಸ್ ಲ್ಯಾಪ್‌ಟಾಪ್‌ನ ಬ್ರೌಸರ್‌ಗೆ ನನ್ನ ಸ್ವಂತ ಖಾತೆ ಹಾಕಿಕೊಂಡಿದ್ದೆ, ಬುಕ್‌ಮಾರ್ಕ್ ಬೇಕು ಅಂತ. ಒಂದು ದಿನ ಮೀಟಿಂಗ್‌ನಲ್ಲಿ ಪ್ರೊಜೆಕ್ಟರ್‌ಗೆ ಜೋಡಿಸಿ, ತಿಂಗಳ ವರದಿ ತೆರೆಯಲು ವಿಳಾಸದ ಪಟ್ಟಿಯಲ್ಲಿ "re" ಅಂತ ಎರಡಕ್ಷರ ಒತ್ತಿದೆ ಅಷ್ಟೇ. ಕೆಳಗೆ ಸಲಹೆಗಳು ಬಂದವು. ಮೊದಲನೆಯದು: "ರಿಸೈನ್ ಲೆಟರ್ ಬರೆಯುವುದು ಹೇಗೆ". ಗೋಡೆಯಷ್ಟು ಅಗಲಕ್ಕೆ. ಹಿಂದಿನ ರಾತ್ರಿ ಫೋನ್‌ನಲ್ಲಿ ಹುಡುಕಿದ್ದು. ಯಾರೂ ಏನೂ ಅನ್ನಲಿಲ್ಲ. ಮ್ಯಾನೇಜರ್ ಮಾತ್ರ ನೀರು ಕುಡಿದರು.

ಅದರಲ್ಲಿ ತಪ್ಪು ಕೆಲಸ ಏನಿತ್ತು? ಏನೂ ಇರಲಿಲ್ಲ. ಆದರೂ ಅದನ್ನು ಯಾವಾಗ ಹೇಳಬೇಕು ಅಂತ ನಾನು ತಾನೇ ನಿರ್ಧರಿಸಬೇಕಿದ್ದದ್ದು?

ನಿಶ್ಚಿಂತ
ಅಯ್ಯೋ. ಆಮೇಲೆ?

ಸುಮ್ನೆಓದೋಳು
ಪತ್ರ ಚೆನ್ನಾಗೇ ಬರೆದೆ.

ಕೀಲಿಕೈ
ಇದಕ್ಕೆ ಮದ್ದು ಸುಲಭ. ಆಫೀಸ್ ಯಂತ್ರಕ್ಕೆ ಬೇರೆ ಪ್ರೊಫೈಲ್, ಬೇರೆ ಖಾತೆ. ಅದೂ ಬೇಡವಾದರೆ ಸಿಂಕ್‌ನಲ್ಲಿ ಹಿಸ್ಟರಿಯ ಗುರುತು ತೆಗೆದು ಬುಕ್‌ಮಾರ್ಕ್ ಮಾತ್ರ ಬಿಡಿ. ಏನೇನು ಸಿಂಕ್ ಆಗಬೇಕು ಅಂತ ಆರಿಸುವ ಪಟ್ಟಿ ಎಲ್ಲದರಲ್ಲೂ ಇದೆ. ಗೂಢಲಿಪಿ ಎಷ್ಟೇ ಗಟ್ಟಿ ಇದ್ದರೂ ಪರದೆಯ ಮುಂದೆ ಕೂತವರಿಗೆ ಅದು ಅನ್ವಯಿಸುವುದಿಲ್ಲ.

ನೂರುಟ್ಯಾಬ್
ಡಕ್‌ಡಕ್‌ಗೋ ಬ್ರೌಸರ್ ಬಗ್ಗೆ ಯಾರೂ ಹೇಳಲಿಲ್ಲ. 2024ರಿಂದ ಅದರಲ್ಲೂ ಸಿಂಕ್ ಇದೆ. ಖಾತೆ ಬೇಡ, ರಿಕವರಿ ಕೋಡ್ ಸಾಕು. ನಾನು ಎರಡು ವಾರ ಬಳಸಿದೆ. ಹಗುರ, ಚೆನ್ನಾಗಿದೆ. ಪಾಸ್‌ವರ್ಡ್, ಬುಕ್‌ಮಾರ್ಕ್ ಆಯ್ತು, ಆದರೆ ನನ್ನ 340 ಟ್ಯಾಬ್‌ಗಳಿಗೆ ಅಲ್ಲಿ ಗತಿ ಕಾಣಲಿಲ್ಲ. ಬಿಟ್ಟೆ.

ವೆಬ್‌ಜೇಡ
340 ಟ್ಯಾಬ್???

ನೂರುಟ್ಯಾಬ್
ಫೋನ್‌ನಲ್ಲಿ. ಲ್ಯಾಪ್‌ಟಾಪ್ ಲೆಕ್ಕ ಕೇಳಬೇಡಿ.

ಕುಕೀಡಬ್ಬಿ
ಅದು ಟ್ಯಾಬ್ ಅಲ್ಲ, ಓದದ ಪುಸ್ತಕಗಳ ಕಪಾಟು. ನನ್ನದು 12 ದಾಟಿದರೆ ಎದೆ ಹೊಡೆದುಕೊಳ್ಳುತ್ತದೆ.

ನೂರುಟ್ಯಾಬ್
ಟ್ಯಾಬ್ ಮುಚ್ಚಿದರೆ ಆ ವಿಷಯ ಕಲಿಯುವುದನ್ನೇ ಕೈಬಿಟ್ಟ ಹಾಗೆ ಅನ್ನಿಸುತ್ತದೆ ಕಣಣ್ಣ.

ಹಳೇಚಾರ್ಜರ್
ನನ್ನ ಹೊಟ್ಟೆಗೆ ತಟ್ಟಿತು ಈ ಮಾತು.

ನಿಧಾನಸ್ಥ
ದಾರಿಗೆ ಬನ್ನಿ. ಪಾಸ್‌ವರ್ಡ್ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಅದನ್ನು ಬ್ರೌಸರ್‌ಗೆ ಕೊಡಲೇಬೇಡಿ. ಬಿಟ್‌ವಾರ್ಡನ್ ಥರದ ಪಾಸ್‌ವರ್ಡ್ ಕಾಯುವ ಆ್ಯಪ್ ಇಟ್ಟುಕೊಳ್ಳಿ, ಸರ್ವರೇ ಬೇಡ ಅನ್ನುವವರಿಗೆ ಕೀಪಾಸ್ಎಕ್ಸ್‌ಸಿ ಇದೆ. ಬ್ರೌಸರ್ ಬದಲಾಯಿಸಲು ಜನ ಹೆದರುವುದೇ ಪಾಸ್‌ವರ್ಡ್ ಎಲ್ಲಿ ಹೋಗುತ್ತದೋ ಅಂತ. ಅದು ಹೊರಗಿದ್ದರೆ ನಾಳೆ ಫೈರ್‌ಫಾಕ್ಸ್‌ನ ನರಿ ಬಿಟ್ಟು ಬ್ರೇವ್‌ನ ಸಿಂಹ, ಸಿಂಹ ಬಿಟ್ಟು ಇನ್ನೊಂದು, ಸಂಜೆಯೊಳಗೆ ಮನೆ ಬದಲಾಯಿಸಬಹುದು. ಫೈರ್‌ಫಾಕ್ಸ್‌ನಲ್ಲೇ ಇಡುತ್ತೀರಿ ಅಂದರೆ ಪ್ರೈಮರಿ ಪಾಸ್‌ವರ್ಡ್ ಹಾಕಿ. ಇಲ್ಲದಿದ್ದರೆ ತೆರೆದಿಟ್ಟ ಲ್ಯಾಪ್‌ಟಾಪ್ ಮುಂದೆ ಕೂತ ಯಾರಾದರೂ ಸೆಟ್ಟಿಂಗ್ಸ್‌ಗೆ ಹೋಗಿ ಓದಬಹುದು.

ಪೆಂಗ್ವಿನ್‌ಪ್ರಿಯ
ಬುಕ್‌ಮಾರ್ಕ್ ಕೂಡ ಹೊರಗಿಡಬಹುದು. ಫ್ಲಾಕಸ್ ಅಂತ ಎಕ್ಸ್‌ಟೆನ್ಷನ್ ಇದೆ. ನೀವೇ ನಡೆಸುವ ನೆಕ್ಸ್ಟ್‌ಕ್ಲೌಡ್ ಸರ್ವರ್‌ಗೆ ಸಿಂಕ್ ಮಾಡುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಬೇರೆ ಬೇರೆ ಬ್ರೌಸರ್ ಇದ್ದರೂ ಒಂದೇ ಪಟ್ಟಿ.

ಕುಕೀಡಬ್ಬಿ
ಪರವಾಗಿಲ್ಲ, ಪೆಂಗ್ವಿನ್ ಅಣ್ಣನಿಂದಲೂ ಕೆಲಸಕ್ಕೆ ಬರುವ ಮಾತು.

ವೆಬ್‌ಜೇಡ
ಎಕ್ಸ್‌ಟೆನ್ಷನ್ ಅಂದಾಗ ನೆನಪಾಯ್ತು. ಖಾಸಗಿತನ ಖಾಸಗಿತನ ಅಂತ ಹದಿನೈದು ಎಕ್ಸ್‌ಟೆನ್ಷನ್ ತುಂಬಿಕೊಳ್ಳಬೇಡಿ. ಅವೇ ನಿಮ್ಮ ಗುರುತಾಗುತ್ತವೆ. ಪರದೆಯ ಅಳತೆ, ಫಾಂಟ್, ಸಮಯವಲಯ, ಎಲ್ಲ ಸೇರಿ ಕುಕೀ ಇಲ್ಲದೆಯೂ ಬೆರಳಚ್ಚಿನ ಹಾಗೆ ಕೆಲಸ ಮಾಡುತ್ತದೆ. ಡಿಜಿಟಲ್ ಹಕ್ಕುಗಳ ಸಂಸ್ಥೆ ಇಎಫ್ಎಫ್‌ನವರ ಕವರ್ ಯುವರ್ ಟ್ರ್ಯಾಕ್ಸ್ ಪರೀಕ್ಷೆ ಮಾಡಿ ನೋಡಿ. ಯುಬ್ಲಾಕ್ ಒರಿಜಿನ್ ಒಂದಿದ್ದರೆ ಬೇಕಾದಷ್ಟಾಯ್ತು. ಕ್ರೋಮ್‌ನಲ್ಲಿ ಮ್ಯಾನಿಫೆಸ್ಟ್ ವಿ3 ಅನ್ನುವ ಎಕ್ಸ್‌ಟೆನ್ಷನ್‌ಗಳ ಹೊಸ ನಿಯಮ ಬಂದ ಮೇಲೆ ಅದರ ಪೂರ್ತಿ ರೂಪ ನಡೆಯುವುದಿಲ್ಲ, ಲೈಟ್ ಮಾತ್ರ. ನಾನು ಕ್ರೋಮ್ ಬಿಟ್ಟದ್ದು ಅದೊಂದೇ ಕಾರಣಕ್ಕೆ.

ಮೂರುಪರದೆ
ಮೂರು ದಿನ ಆಯ್ತು, ಬಂದಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್.

ಲ್ಯಾಪ್‌ಟಾಪ್, ಫೋನ್ ಎರಡಕ್ಕೂ ಫೈರ್‌ಫಾಕ್ಸ್, ಯುಬ್ಲಾಕ್ ಒರಿಜಿನ್. ಪಾಸ್‌ವರ್ಡ್‌ಗಳು ಬಿಟ್‌ವಾರ್ಡನ್‌ಗೆ ಹೋದವು. ಐಪ್ಯಾಡ್‌ನಲ್ಲೂ ಫೈರ್‌ಫಾಕ್ಸೇ, ಅಲ್ಲಿ ಜಾಹೀರಾತು ಸ್ವಲ್ಪ ಕಾಣುತ್ತದೆ, ಸಹಿಸಿಕೊಳ್ಳುತ್ತೇನೆ. ಫೋನ್‌ನಲ್ಲಿ ಓದುತ್ತಿದ್ದದ್ದನ್ನು ಲ್ಯಾಪ್‌ಟಾಪ್‌ಗೆ ಎಸೆಯುವುದು ನನಗೆ ತುಂಬಾ ಹಿಡಿಸಿತು. ರಿಕವರಿ ಕೀ ಕಾಗದದ ಮೇಲೆ ಬರೆದಿದ್ದೇನೆ. ನನ್ನ ಅಕ್ಷರ ನನಗೇ ಓದಲು ಬರುವುದಿಲ್ಲ ಅಂತ ಎರಡು ಸಲ ಬರೆದೆ.

ಈಗ ಮಂಡಿ ವಿಷಯ. ನಿಧಾನಸ್ಥ ಅವರ ಕ್ಷಮೆ ಕೇಳಬೇಕು.

ಹಳೇ ಬ್ರೌಸರ್‌ನಿಂದ ಪೂರ್ತಿ ಹೊರಬರೋಣ ಅಂತ ಖಾತೆಯ ಸಾಧನಗಳ ಪಟ್ಟಿ ತೆಗೆದೆ. ಮೂರಿರಬೇಕಿತ್ತು, ನಾಲ್ಕಿತ್ತು. ನಾಲ್ಕನೆಯದು ಎರಡು ವರ್ಷದ ಹಿಂದೆ ಅಮ್ಮನಿಗೆ ಕೊಟ್ಟ ನನ್ನ ಹಳೇ ಟ್ಯಾಬ್ಲೆಟ್. ಕೊಡುವಾಗ ನನ್ನ ಖಾತೆಯಿಂದ ಲಾಗ್‌ಔಟ್ ಮಾಡಿಯೇ ಇರಲಿಲ್ಲ. ಹಿಸ್ಟರಿ ಕೆಳಗೆ ಎಳೆದರೆ ಸಾಲುಸಾಲು: ಮೆಟ್ಟಿಲು ಇಳಿಯುವಾಗ ಮಂಡಿ ನೋವು ಯಾಕೆ, ಮಂಡಿಗೆ ವ್ಯಾಯಾಮ, ಮಂಡಿ ಪಟ್ಟಿ ರಾತ್ರಿ ಕಟ್ಟಬಹುದಾ. ಎಲ್ಲ ಮಧ್ಯಾಹ್ನ ಎರಡರಿಂದ ಮೂರರ ಒಳಗೆ, ಊಟ ಮುಗಿದ ಮೇಲೆ. ನೋವಿದೆ ಅಂತ ನನಗೆ ಒಂದು ಮಾತು ಹೇಳಿಲ್ಲ.

ನಿಧಾನಸ್ಥ
ಕ್ಷಮೆ ಎಲ್ಲ ಯಾಕೆ. ಅಮ್ಮನಿಗೆ ಡಾಕ್ಟರ್ ತೋರಿಸಿದಿರಾ?

ಮೂರುಪರದೆ
ನಾಳೆ ಹೋಗುತ್ತಿದ್ದೇವೆ. ಟ್ಯಾಬ್ಲೆಟ್‌ಗೆ ಅವರದೇ ಖಾತೆ ಮಾಡಿಕೊಟ್ಟೆ.

ಸುಮ್ನೆಓದೋಳು
ಒಂದು ನಿಮಿಷ. ಅವರದ್ದು ನಿಮಗೆ ಕಂಡಿತು ಅಂದರೆ ಎರಡು ವರ್ಷದಿಂದ ನಿಮ್ಮದೂ ಅವರಿಗೆ ಕಾಣುತ್ತಿತ್ತು ಅಲ್ವಾ?

ಮೂರುಪರದೆ
ಹೌದು. ಹೋದ ತಿಂಗಳು ಇದ್ದಕ್ಕಿದ್ದ ಹಾಗೆ ಅಮ್ಮ "ಕೆಲಸ ಬಿಡುತ್ತಿದ್ದೀಯೇನೋ" ಅಂತ ಕೇಳಿದ್ದರು. ಯಾರು ಹೇಳಿದರು ಅಂದರೆ, "ತಾಯಿಗೆ ಗೊತ್ತಾಗುತ್ತೆ ಬಿಡು" ಅಂದಿದ್ದರು.